ಅರ್ಧ ಟೆಕ್ನಿಕ್ಕು, ಅರ್ಧ ಕಿವಿ

ಅವರ ಜೊತೆ ಯಾರ ಮನೆಗೆ ಹೋದರೂ ನನ್ನ ಬಲಗಾಲಿನ ಕಿರುಬೆರಳಿಗೆ ಕ್ಷೇಮವಿರಲಿಲ್ಲ. ಚಪ್ಪಲಿ ಬಾಗಿಲಾಚೆ ಬಿಟ್ಟೇ ಒಳಗೆ ಹೋಗಬೇಕಲ್ಲ, ಹಾಗಾಗಿ ಬೆರಳಿಗೆ ರಕ್ಷಣೆಯೂ ಇರುತ್ತಿರಲಿಲ್ಲ. ಸೋಫಾದ ಮೇಲೆ ಅವರು ನಡುವೆ ಕೂರುವರು; ಮನೆಯವರು ಅವರ ಬಲಕ್ಕೆ, ನಾನು ಎಡಕ್ಕೆ. ಮನೆಯ ಯಜಮಾನರು ನಮ್ಮ ಆ್ಯಪ್ ತೆರೆದು, ಒತ್ತಬೇಕಾದಲ್ಲಿ ಒತ್ತದೆ ಬೇರೆಲ್ಲೋ ಒತ್ತುತ್ತಿರುವಾಗ ನನ್ನ ಗಂಟಲಲ್ಲಿ, "ಅಲ್ಲಲ್ಲ ಸಾರ್, ಮೇಲುಗಡೆ ನೋಡಿ" ಎಂಬ ಮಾತು ಎದ್ದು ಬರುವುದು. ಅದು ತುಟಿ ಮುಟ್ಟುವ ಮೊದಲೇ ಅವರ ಹಿಮ್ಮಡಿ ನನ್ನ ಬೆರಳ ಮೇಲೆ ಕೂತಿರುತ್ತಿತ್ತು. ಮುಖದಲ್ಲಿ ಮಾತ್ರ ಇದರ ಸುಳಿವಿಲ್ಲ. ನಾಮಕರಣಕ್ಕೆ ಬಂದ ಸೋದರತ್ತೆಯ ಹಾಗೆ ನಗುತ್ತ ಯಜಮಾನರ ಕಡೆ ತಿರುಗಿ, "ಹೂಂ, ಆಮೇಲೆ?" ಎನ್ನುತ್ತಿದ್ದರು.

ಕಳೆದ ತಿಂಗಳು ಅವರು ಕೆಲಸ ಬಿಟ್ಟರು. ವಯಸ್ಸಾಯಿತು, ಇನ್ನು ಸಾಕು ಎಂದರು. ಬೀಳ್ಕೊಡುಗೆಯ ದಿನ ನಾವೆಲ್ಲ ಒಬ್ಬರಾದ ಮೇಲೆ ಒಬ್ಬರು ಎದ್ದು ಹೊಗಳಿದೆವು. ಹೊಗಳಿಕೆ ಕೇಳುವಾಗ ಅವರ ಮುಖ, ಹಳಸಿದ ಚಟ್ನಿಯ ವಾಸನೆ ನೋಡುವವರ ಮುಖದಂತಿತ್ತು. ನಾನು ಅವರ ಬಗ್ಗೆ ಬರೆಯುತ್ತೇನೆಂದು ಹೇಳಿದಾಗಲೂ ಅದೇ ಮುಖ. ಕೊನೆಗೆ ಒಂದು ಷರತ್ತಿನ ಮೇಲೆ ಒಪ್ಪಿದರು. "ಬರ್ಕೊಳ್ಳಿ, ಆದ್ರೆ ಹೆಸರು ಬೇಡ. ನೀವು ಏನಾದ್ರೂ ಎಡವಟ್ಟು ಮಾಡಿದ್ರೆ, ಅದು ನಾನಲ್ಲ ಕಣ್ರೀ, ಇನ್ಯಾರೋ ಅಂತ ಹೇಳೋಕೆ ನಂಗೊಂದು ದಾರಿ ಇರ್ಲಿ."

ಆದ್ದರಿಂದ ಮೇಡಂ ಎಂದೇ ಬರೆಯುತ್ತೇನೆ. ನಾವೂ ಹಾಗೆಯೇ ಕರೆಯುತ್ತಿದ್ದೆವು.

ನಮ್ಮದು ಸರಸ್ವತಿಪುರಂನಲ್ಲಿ ಒಂದು ಮನೆಯ ಮಹಡಿಯಲ್ಲಿರುವ ಸಣ್ಣ ಕಂಪನಿ. ಕೆಳಗಡೆ ಟ್ಯುಟೋರಿಯಲ್ಲು, ಮೇಲೆ ನಾವು. ಕಿವಿ ಮಂದವಾದವರು ಹಾಕಿಕೊಳ್ಳುವ ಶ್ರವಣ ಸಾಧನವನ್ನು ಫೋನಿನಿಂದಲೇ ಹದ ಮಾಡಿಕೊಳ್ಳಲು ಒಂದು ಆ್ಯಪ್ ಮಾಡುತ್ತೇವೆ. ದನಿ ಹೆಚ್ಚಿಸುವುದು, ತಗ್ಗಿಸುವುದು, ಗದ್ದಲ ಕಳೆಯುವುದು, ಇಂಥವು. ಮೇಡಂ ಬರುವ ಮೊದಲು ನಮ್ಮ ಕೆಲಸ ಬಹಳ ಚುರುಕಾಗಿ ನಡೆಯುತ್ತಿತ್ತು. ಎರಡೆರಡು ವಾರಕ್ಕೊಂದು ಸ್ಪ್ರಿಂಟ್. ಆ ಎರಡು ವಾರದಲ್ಲಿ ಏನೇನು ಕಟ್ಟಬೇಕೆಂದು ಗೋಡೆಗೆ ಬಣ್ಣದ ಚೀಟಿ ಅಂಟಿಸುವುದು, ಕಟ್ಟುವುದು, ಕೊನೆಯ ದಿನ ಮಾಲೀಕರಿಗೆ ತೋರಿಸಿ ಚಪ್ಪಾಳೆ ತಟ್ಟಿಸಿಕೊಳ್ಳುವುದು, ಮತ್ತೆ ಹೊಸ ಚೀಟಿ ಅಂಟಿಸುವುದು. ಹಾಕಿಕೊಳ್ಳುವವರಿಗೆ ಏನು ಬೇಕೆಂದು ಯಾರೂ ವಿಚಾರಿಸಿರಲಿಲ್ಲ. ನಿಂತು ಕೇಳಲು ಪುರುಸೊತ್ತೆಲ್ಲಿ? ಓಡುತ್ತಿದ್ದೆವಲ್ಲ.

ಆ್ಯಪನ್ನು ಜನ ಇಳಿಸಿಕೊಳ್ಳುತ್ತಿದ್ದರು, ಒಂದೆರಡು ಸಲ ತೆರೆಯುತ್ತಿದ್ದರು, ಆಮೇಲೆ ಮರೆಯುತ್ತಿದ್ದರು. ಇದೇಕೆ ಹೀಗೆ ಎಂದು ತಿಳಿಯಲು ಮಾಲೀಕರು ಮೇಡಂ ಅವರನ್ನು ಕರೆತಂದರು. ಬಿ.ಎಡ್. ಕಾಲೇಜಿನಲ್ಲಿ ಮನಶ್ಶಾಸ್ತ್ರ ಪಾಠ ಮಾಡುತ್ತಿದ್ದವರು, ತಲೆ ನರೆತ ಮೇಲೆ, ಬಳಸುವವರನ್ನು ಮಾತಾಡಿಸಿ ತಿಳಿಯುವ ಈ ಕಸುಬಿಗೆ ಬಂದವರು. ಗಿಡ್ಡ ಆಳು, ಗಂಜಿ ಹಾಕಿದ ಕಾಟನ್ ಸೀರೆ, ಕಿವಿ ಮುಚ್ಚುವಂತೆ ಇಳಿಬಿಟ್ಟು ಬಾಚಿದ ಕೂದಲು. ಹೆಗಲಿನ ಚೀಲದಲ್ಲಿ ಛತ್ರಿಯಿಂದ ಹಿಡಿದು ಚಕ್ಕುಲಿಯವರೆಗೆ ಎಲ್ಲ ಇರುತ್ತಿತ್ತು. ಬಂದ ಮೊದಲ ತಿಂಗಳು ಅವರು ಊರೆಲ್ಲ ಸುತ್ತಿ, ಜನರನ್ನು ಮಾತಾಡಿಸಿ, ದಪ್ಪನೆಯ ವರದಿಯೊಂದನ್ನು ಬರೆದು ನಮಗೆಲ್ಲ ಹಂಚಿದರು. ಅಷ್ಟು ಹೊತ್ತಿಗೆ ನಾವು ಕಟ್ಟುವುದನ್ನೆಲ್ಲ ಕಟ್ಟಿ ಮುಗಿಸಿದ್ದೆವು. ವರದಿ ದಪ್ಪವಾಗಿದ್ದದ್ದು ಒಳ್ಳೆಯದೇ ಆಯಿತು. ನನ್ನ ಮಾನಿಟರು ಕಣ್ಣಿನ ಮಟ್ಟಕ್ಕೆ ಬರಲು ಸರಿಯಾಗಿ ಅಷ್ಟೇ ಎತ್ತರ ಬೇಕಾಗಿತ್ತು.

ಮೇಡಂ ಒಂದು ಬೆಳಗ್ಗೆ ಬಂದು ಮಾನಿಟರಿನ ಕೆಳಗೆ ತಮ್ಮ ವರದಿಯನ್ನು ನೋಡಿದರು. ನಾನು ಬೆವರಿದೆ. ಅವರು ಬಾಗಿ, ವರದಿ ಸೊಟ್ಟಗಿದ್ದುದನ್ನು ನೇರ ಮಾಡಿ, "ಈಗ ಸರಿಯಾಗಿದೆಯಾ ಎತ್ತರ?" ಎಂದು ಕೇಳಿದರು.

"ಮೇಡಂ, ಅದು..."

"ಬಿಡಿ, ನಿಮ್ಮ ತಪ್ಪಲ್ಲ. ನಾನು ಕೇಳಿ ಮುಗಿಸೋ ಹೊತ್ತಿಗೆ ನೀವು ಕಟ್ಟಿ ಮುಗಿಸಿರ್ತೀರಿ. ಇಬ್ಬರೂ ಬೇರೆ ಬೇರೆ ಛತ್ರಕ್ಕೆ ಹೋಗಿ ಒಂದೇ ಮದುವೆ ಊಟಕ್ಕೆ ಕಾಯ್ದಂಗಾಯ್ತು. ಮಂಗಳವಾರ ನನ್ಜೊತೆ ಬನ್ನಿ."

"ಎಲ್ಲಿಗೆ?"

"ರಾಜೀವನಗರಕ್ಕೆ."

"ನನ್ನ ಕೆಲಸ ಕೋಡ್ ಬರೆಯೋದಲ್ವಾ ಮೇಡಂ?"

"ಹೌದು ಇಂಜಿನಿಯರ್ ಸಾಹೇಬ್ರೇ. ಬಿಸಿಲಲ್ಲಿ ಒಂದೆರಡು ಗಂಟೆ ಇದ್ರೆ ಅದು ಮರ್ತೋಗಲ್ಲ."

ಹೀಗೆ ಶುರುವಾಯಿತು. ಮಂಗಳವಾರ ಯಾರದಾದರೂ ಮನೆಗೆ ಹೋಗುವುದು. ಆ್ಯಪ್ ಕಟ್ಟಿದವನೇ ಜೊತೆಗೆ ಹೋಗಬೇಕು, ಬಾಯಿ ಮುಚ್ಚಿಕೊಂಡು ನೋಡಬೇಕು. ಬುಧವಾರ ಕಂಡದ್ದನ್ನು ತಿದ್ದುವುದು. ಗುರುವಾರ ಅದೇ ಮನೆಗೆ, ತಿದ್ದಿದ್ದನ್ನು ತೆಗೆದುಕೊಂಡು ಮತ್ತೆ ಹೋಗುವುದು. ವರದಿ ಗಿರದಿ ಏನೂ ಇಲ್ಲ. "ನೀವೇ ನೋಡಿದ್ಮೇಲೆ ನಾನ್ಯಾಕೆ ಬರೀಲಿ?" ಎನ್ನುತ್ತಿದ್ದರು. ಹೀಗೆ ಮಾಡಿದರೆ ಕೆಲಸ ನಿಧಾನವಾಗುತ್ತದೆ ಎಂದು ಮಾಲೀಕರು ಗೊಣಗಿದರು. ಮೇಡಂ ಅವರಿಗೆ ಕೇಳಿಸಿತೋ ಇಲ್ಲವೋ, ಆಗಲೇ ಮೆಟ್ಟಿಲಿಳಿದು ಆಟೋ ನಿಲ್ಲಿಸುತ್ತಿದ್ದರು.

ಅವರ ದೊಡ್ಡ ವೈರಿ ಎಂದರೆ "ಚೆನ್ನಾಗಿದೆ" ಎಂಬ ಒಂದು ಮಾತು. ಮೈಸೂರಿನಲ್ಲಿ ಮನೆಗೆ ಬಂದವರ ಮುಖದ ಮೇಲೆ ಹೊಡೆದ ಹಾಗೆ ಯಾರೂ ಮಾತಾಡುವುದಿಲ್ಲ. ಆ್ಯಪ್ ಹೇಗಿದೆ ಎಂದರೆ ಚೆನ್ನಾಗಿದೆ. ಅಕ್ಷರ ಕಾಣಿಸುತ್ತದೆಯೇ ಎಂದರೆ ಚೆನ್ನಾಗಿದೆ. ಜೊತೆಗೆ ಒಂದು ಲೋಟ ಕಾಫಿ, ಒಂದು ತಟ್ಟೆ ಉಪ್ಪಿಟ್ಟು. ರಾಜೀವನಗರದ ಮೊದಲ ಭೇಟಿಯಲ್ಲಿ ಒಬ್ಬ ಅಜ್ಜಿ ನಾನು ಕೇಳಿದ್ದಕ್ಕೆಲ್ಲ ತಲೆಯಾಡಿಸಿ ನಕ್ಕರು. ನನಗೆ ಬಹಳ ಸಂತೋಷವಾಯಿತು. ಇಷ್ಟು ಚೆನ್ನಾಗಿ ಯಾರೂ ನನ್ನ ಕೆಲಸವನ್ನು ಮೆಚ್ಚಿರಲಿಲ್ಲ. ಹೊರಡುವಾಗ ಮೇಡಂ ಅಜ್ಜಿಯ ಕಿವಿಯ ಹಿಂದೆ ಮೆಲ್ಲಗೆ ಕೈಹಾಕಿ ಸಾಧನವನ್ನು ತೆಗೆದು ನೋಡಿದರು. ಅದರಲ್ಲಿ ಬ್ಯಾಟರಿಯೇ ಇರಲಿಲ್ಲ. ಆಟೋದಲ್ಲಿ ಕೂತ ಮೇಲೆ, "ಪಾಪ, ನಿಮ್ಮ ಹಲ್ಲು ಚೆನ್ನಾಗಿದೆ ಅಂತ ಮೆಚ್ಕೊಂಡಿರ್ಬೇಕು" ಎಂದರು.

ಹಾಗಾಗಿ ಅವರು "ಹೇಗಿದೆ?" ಎಂದು ಕೇಳುತ್ತಲೇ ಇರಲಿಲ್ಲ. "ನಿನ್ನೆ ಬೆಳಗ್ಗೆ ಎದ್ರಲ್ಲ, ಆಗಿಂದ ಹೇಳಿ" ಎನ್ನುತ್ತಿದ್ದರು. ಜನ ಹೇಳುತ್ತಿದ್ದರು. ಹಾಲಿನವನಿಂದ ಹಿಡಿದು ಸೊಸೆಯವರೆಗೆ ಎಲ್ಲ ಬಂದು, ಆ ಗದ್ದಲದ ನಡುವೆ ಎಲ್ಲೋ ಒಂದು ಕಡೆ ಕಿವಿಯ ಸಾಧನ ಕಪಾಟು ಸೇರಿದ ಸಂಗತಿಯೂ ಬರುತ್ತಿತ್ತು. ಮೇಡಂ ಬಲಗಡೆ ವಾಲಿಕೊಂಡು, ರೆಪ್ಪೆ ಬಡಿಯದೆ ಹೇಳುವವರ ತುಟಿಯನ್ನೇ ನೋಡುತ್ತ ಕೂತಿರುತ್ತಿದ್ದರು. ಹೇಳುವವರು ನಿಲ್ಲಿಸಿದರೂ ಇವರು ಮಾತಾಡುತ್ತಿರಲಿಲ್ಲ. ಆ ಮೌನಕ್ಕೆ ಹೆದರಿ ಅವರು ಇನ್ನೇನೋ ಹೇಳಿಬಿಡುತ್ತಿದ್ದರು. ನಿಜವಾದ ವಿಷಯ ಅದೇ ಆಗಿರುತ್ತಿತ್ತು. ಕೆಲವು ಸಲ ಅವರು ತಲೆ ಮುಂದೆ ಚಾಚಿ, "ಇನ್ನೊಂದ್ಸಲ ಹೇಳಿ?" ಎನ್ನುತ್ತಿದ್ದರು. ಎರಡನೆಯ ಸಲ ಹೇಳುವಾಗ ಜನ ಬಣ್ಣ ಹಚ್ಚುವುದಿಲ್ಲ, ಇದ್ದದ್ದನ್ನು ಇದ್ದ ಹಾಗೆ ಹೇಳುತ್ತಾರೆ. ಎಂಥ ಕಲೆ ಇದು ಎಂದು ನಾನು ಬೆರಗಾಗಿದ್ದೆ. ಹೊಸದಾಗಿ ಸೇರಿದವರಿಗೆ ಇದನ್ನೇ ಪಾಠ ಮಾಡಿದೆ: ಸುಮ್ಮನೆ ಕಾಯಬೇಕು, ತುಟಿ ನೋಡಬೇಕು, ಇನ್ನೊಮ್ಮೆ ಹೇಳಿಸಬೇಕು.

ಇಷ್ಟೆಲ್ಲ ತಾಳ್ಮೆಯವರು ಎಂದು ಅವರನ್ನು ದೇವರ ಗೂಡಿನಲ್ಲಿ ಕೂರಿಸುವ ಅಗತ್ಯವಿಲ್ಲ. ಬೆಳಗ್ಗೆ ಎಲ್ಲರೂ ನಿಂತುಕೊಂಡು, ಇವತ್ತು ಏನು ಮಾಡುತ್ತೇನೆಂದು ಚುಟುಕಾಗಿ ಹೇಳುವ ಸಭೆಗೆ ಅವರು ಒಂದು ದಿನವೂ ಹೊತ್ತಿಗೆ ಸರಿಯಾಗಿ ಬರಲಿಲ್ಲ. ಬಂದರೆ ಕುರ್ಚಿ ಎಳೆದುಕೊಂಡು ಕೂರುವರು. ಹೋಟೆಲಿಗೆ ಹೋದರೆ ಮಾಣಿಯನ್ನು ಹಿಡಿದು, ದೋಸೆ ಕೇಳಿದವರು ಇಡ್ಲಿಗೆ ಯಾಕೆ ಬದಲಾಯಿಸುತ್ತಾರೆ ಎಂದು ವಿಚಾರಣೆ ಶುರು; ನಮ್ಮ ಇಡ್ಲಿ ಅಡುಗೆಮನೆಯಲ್ಲೇ ತಣ್ಣಗಾಗುತ್ತಿತ್ತು. ಕಚೇರಿಯಲ್ಲೂ ನನ್ನ ಕುರ್ಚಿ ಅವರ ಎಡಕ್ಕೇ ಇತ್ತು. ನನ್ನ ಆಕ್ಷೇಪಣೆಗಳನ್ನೆಲ್ಲ ನಾನು ಅಲ್ಲಿಂದಲೇ ಹೇಳುತ್ತಿದ್ದೆ. ಅವರು ಯಾವುದಕ್ಕೂ ಉತ್ತರ ಕೊಡುತ್ತಿರಲಿಲ್ಲ. ದೊಡ್ಡವರ ಗಾಂಭೀರ್ಯ ಎಂದುಕೊಂಡು ಗೌರವದಿಂದ ನುಂಗಿಕೊಳ್ಳುತ್ತಿದ್ದೆ.

ಮಹದೇವಣ್ಣನ ಪರಿಚಯವಾದದ್ದು ಆ ವರ್ಷದ ಚಳಿಗಾಲದಲ್ಲಿ. ಅವರು ಸಿಟಿ ಬಸ್ಸಿನ ಕಂಡಕ್ಟರು, ಮನೆ ಶ್ರೀರಾಂಪುರದಲ್ಲಿ. ಬಸ್ಸಿನ ಇಂಜಿನ್ನಿನ ಪಕ್ಕದಲ್ಲೇ ಆಯಸ್ಸು ಕಳೆದು ಎರಡೂ ಕಿವಿ ಮಂದವಾಗಿದ್ದವು. ನಮ್ಮ ಆ್ಯಪಿನ ಹೊಸ ಆವೃತ್ತಿ ಆಗಷ್ಟೇ ಸಿದ್ಧವಾಗಿತ್ತು. ಅದರಲ್ಲಿ ನಾನೇ ಕಟ್ಟಿದ ಒಂದು ಪುಟವಿತ್ತು: ಬಸ್ಸು, ಸಂತೆ, ಮನೆ ಎಂದು ದೊಡ್ಡ ದೊಡ್ಡ ಚಿತ್ರಗಳು. ನೀವು ಎಲ್ಲಿದ್ದೀರೋ ಆ ಚಿತ್ರ ಒತ್ತಿದರೆ ಸಾಧನ ಆ ಜಾಗದ ಗದ್ದಲಕ್ಕೆ ತಕ್ಕಂತೆ ಹದವಾಗುತ್ತದೆ. ಬಸ್ಸಿನ ಚಿತ್ರದ ಚಕ್ರ ತಿರುಗುತ್ತಲೂ ಇತ್ತು. ಆ ಚಕ್ರಕ್ಕೆ ನಾನು ಪಟ್ಟ ಪಾಡು ನನಗೇ ಗೊತ್ತು. ಒಂದು ಆಸ್ಪತ್ರೆಯವರು ಇದನ್ನು ತಮ್ಮ ರೋಗಿಗಳಿಗೆಲ್ಲ ಕೊಡಲು ಮುಂದೆ ಬಂದಿದ್ದರು. ಶುಕ್ರವಾರ ಅವರಿಗೆ ಒಪ್ಪಿಸುತ್ತೇವೆಂದು ಮಾಲೀಕರು ಮಾತು ಕೊಟ್ಟಾಗಿತ್ತು.

ಹಿಂದಿನ ವಾರ ಮಹದೇವಣ್ಣನ ಫೋನಿಗೆ ಅದನ್ನು ಹಾಕಿಕೊಟ್ಟಿದ್ದೆವು. ಮಂಗಳವಾರ ನಾವು ಶ್ರೀರಾಂಪುರಕ್ಕೆ ಹೋದೆವು. ಮಹದೇವಣ್ಣ ಬಸ್ಸಿನ ಚಿತ್ರವನ್ನು ಠಸ್ಸೆ ಹೊಡೆದ ಹಾಗೆ ಒತ್ತಿ, "ಚೆನ್ನಾಗದೆ ಸಾರ್, ಬೋ ಚೆನ್ನಾಗದೆ" ಎಂದರು. ನಾನು ಮೇಡಂ ಕಡೆ ಗೆದ್ದವನಂತೆ ನೋಡಿದೆ.

ಮೇಡಂ ಕೇಳಿದರು: "ನಿನ್ನೆ ಬಸ್ಸಲ್ಲಿ ಯಾವಾಗ ಒತ್ತಿದ್ರಿ ಮಹದೇವಣ್ಣ?"

ಅವರು ಹೆಂಡತಿಯ ಮುಖ ನೋಡಿದರು. ಹೆಂಡತಿ ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತ, "ಸುಳ್ಳ್ಯಾಕೆ ಹೇಳೀರಿ? ಬಸ್ಸಲ್ಲಿ ಹಾಕ್ಕೊಳದೇ ಇಲ್ಲ ಕಣಮ್ಮ. ಜೇಬಲ್ಲಿ ಇಟ್ಕೊಂಡು ಓಯ್ತಾರೆ, ಜೇಬಲ್ಲಿ ತತ್ತಾರೆ" ಎಂದರು.

ಮೇಡಂ ಏನೂ ಹೇಳದೆ ಕಾದರು. ಮಹದೇವಣ್ಣ ತಲೆ ತಗ್ಗಿಸಿಕೊಂಡೇ, "ಡಿಪೋದಲ್ಲಿ ಗೊತ್ತಾದ್ರೆ ಎಂಗೆ ಮೇಡಮ್ನೋರೆ?" ಎಂದರು. "ಕಿವುಡ ಅಂತ ಇಳಿಸ್ಬುಡ್ತಾರೆ. ಎಲ್ಲೋ ಮೂಲೇಲಿ ಕೂರುಸ್ತಾರೆ. ನಂಗೆ ಬಸ್ ಬುಟ್ರೆ ಬ್ಯಾರೆ ಏನು ಗೊತ್ತು? ಬಾಯಿ ನೋಡ್ಕೊಂಡು ಎಂಗೋ ನಡೆಸ್ತಾವ್ನಿ."

"ಒಂದಿನ ನಾವೂ ನಿಮ್ಮ ಬಸ್ಸಲ್ಲಿ ಬರ್ಬೋದಾ? ಸುಮ್ನೆ ಪ್ಯಾಸೆಂಜರ್ ಥರ."

ಅವರು ಒಪ್ಪಿದರು. ನಿಮಗೋಸ್ಕರ ನಾಳೆ ಸಾಧನ ಹಾಕಿಕೊಳ್ಳುತ್ತೇನೆ, ಆದರೆ ಮಫ್ಲರ್ ಒಳಗೆ, ಎಂದರು.

ಮರುದಿನ ಬೆಳಗ್ಗೆ ಶಾಲೆ ಕಾಲೇಜಿನ ಹೊತ್ತು. ಬಸ್ಸಿನಲ್ಲಿ ಕಾಲಿಡಲು ಜಾಗವಿಲ್ಲ. ಮೇಡಂಗೂ ನನಗೂ ಮುಂದಿನ ಬಾಗಿಲ ಹತ್ತಿರ ಸೀಟು ಸಿಕ್ಕಿತು. ಮಹದೇವಣ್ಣನ ಒಂದು ಕೈಯಲ್ಲಿ ಟಿಕೆಟ್ ಮಿಷನ್ನು, ಇನ್ನೊಂದು ಕೈ ಮೇಲಿನ ಕಂಬಿಗೆ. ಚೀಲ ಕಂಕುಳಲ್ಲಿ. ಫೋನು ಪ್ಯಾಂಟಿನ ಜೇಬಿನಲ್ಲಿ, ಅದರೊಳಗೆ ಚಕ್ರ ತಿರುಗುವ ನನ್ನ ಬಸ್ಸು. ಆ ಮನುಷ್ಯನಿಗೆ ಮೂರನೆಯ ಕೈ ಇದ್ದರೆ ಮಾತ್ರ ನನ್ನ ಚಿತ್ರ ಒತ್ತಲು ಸಾಧ್ಯವೆಂದು ನನಗೆ ಮೊದಲ ತಿರುವಿನಲ್ಲೇ ಗೊತ್ತಾಯಿತು. ಸಾಲದ್ದಕ್ಕೆ, ಮಫ್ಲರ್ ಒತ್ತಿದಾಗಲೆಲ್ಲ ಸಾಧನ ಕುಂಯ್ ಎಂದು ಸಿಳ್ಳೆ ಹಾಕುತ್ತಿತ್ತು. ಪಕ್ಕದಲ್ಲಿದ್ದ ಹುಡುಗಿಯೊಬ್ಬಳು ತನ್ನ ಫೋನು ತೆಗೆದು ನೋಡಿದಳು. ಮಹದೇವಣ್ಣ ಮುಖ ಕಿವುಚಿ, ಮಫ್ಲರ್ ಒಳಗೆ ಬೆರಳು ತೂರಿಸಿ, ಸಾಧನ ಕಿತ್ತು ಜೇಬಿಗೆ ಹಾಕಿಕೊಂಡರು.

ಮುಂದಿನ ಸ್ಟಾಪಿನಲ್ಲಿ ಹತ್ತಿದ ಒಬ್ಬರು, ಇಸ್ತ್ರಿ ಮಾಡಿದ ಅಂಗಿಯವರು, ಬೇರೆಲ್ಲೋ ನೋಡುತ್ತ "ಸರಸ್ವತಿಪುರಂ" ಎಂದರು. ಮಹದೇವಣ್ಣನಿಗೆ ತುಟಿ ಕಾಣಿಸಲಿಲ್ಲ. ಅಂದಾಜಿನ ಮೇಲೆ ಸಿಟಿ ಸ್ಟಾಂಡಿನ ಟಿಕೆಟ್ ಹರಿದುಕೊಟ್ಟರು.

"ಏನ್ರೀ ಇದು? ಸರಸ್ವತಿಪುರಂ ಅಂದೆ."

ಮಹದೇವಣ್ಣ ಆಗಲೇ ಹಿಂದಕ್ಕೆ ತಿರುಗಿದ್ದರು. ಕೇಳಿಸಲಿಲ್ಲ.

"ರೀ ಕಂಡಕ್ಟ್ರೇ! ಕರೀತಾ ಇದೀನಿ, ಕಿವಿ ಕೇಳ್ಸಲ್ವೇನ್ರೀ? ಕಿವುಡ್ರನ್ನೆಲ್ಲ ಯಾಕ್ರೀ ಬಸ್ಸಿಗೆ ಹಾಕ್ತಾರೆ? ಇರಿ, ಡಿಪೋಗೆ ಕಳಿಸ್ತೀನಿ ಇದನ್ನ" ಎಂದು ಅವರು ಫೋನು ಎತ್ತಿ ವಿಡಿಯೊ ತೆಗೆಯತೊಡಗಿದರು.

ಬಸ್ಸೆಲ್ಲ ತಿರುಗಿ ನೋಡಿತು. ಅಷ್ಟರಲ್ಲಿ ಮಹದೇವಣ್ಣನೂ ತಿರುಗಿದರು. ಏನಾಗಿದೆಯೆಂದು ಅವರಿಗೆ ಎಲ್ಲರ ಮುಖದಲ್ಲೇ ತಿಳಿಯಿತು. ನಾನು ವಿವರಿಸಲು ಏಳಹೋದೆ. ಹಿಮ್ಮಡಿ ಬಂದು ನನ್ನ ಬೆರಳ ಮೇಲೆ ಕೂತಿತು, ಈ ಸಲ ಚಪ್ಪಲಿ ಸಮೇತ. ಆಮೇಲೆ, ನಡುವೆ ಬಾಯಿ ಹಾಕಬಾರದು ಎಂದು ನಮಗೆಲ್ಲ ಬೋಧಿಸಿದ ಆ ಹೆಂಗಸು ತಾವೇ ಎದ್ದು ನಿಂತರು.

"ಸ್ವಾಮಿ, ಅವ್ರನ್ನ ಬೈಬೇಡಿ. ತಪ್ಪು ನಂದು. ನಾನು ಸಿಟಿ ಸ್ಟಾಂಡು ಸಿಟಿ ಸ್ಟಾಂಡು ಅಂತ ಇಲ್ಲಿಂದ ಕೂಗ್ತಿದ್ದೆ, ಅದನ್ನೇ ಅವ್ರು ಹೊಡೆದ್ರು. ನಂಗೆ ಕಿವಿ ಕೇಳ್ಸಲ್ಲ ನೋಡಿ, ಎಷ್ಟು ಜೋರಾಗಿ ಮಾತಾಡ್ತೀನಿ ಅಂತ ನಂಗೇ ಗೊತ್ತಾಗಲ್ಲ."

ಅವರು ಏನನ್ನೂ ಕೂಗಿರಲಿಲ್ಲ. ಅಂಗಿಯವರು ನಂಬದವರಂತೆ ಫೋನನ್ನು ಇವರ ಕಡೆ ತಿರುಗಿಸಿದರು. ಮೇಡಂ ಅದನ್ನೇ ನೋಡುತ್ತ ಚೀಲದಿಂದ ಒಂದು ಪುಟ್ಟ ಡಬ್ಬಿ ತೆಗೆದರು, ಎಡಗಡೆಯ ಕೂದಲನ್ನು ಕಿವಿಯ ಹಿಂದಕ್ಕೆ ಸರಿಸಿದರು, ಶ್ರವಣ ಸಾಧನವೊಂದನ್ನು ಓಲೆ ಹಾಕಿಕೊಳ್ಳುವಷ್ಟು ಸಲೀಸಾಗಿ ಹಾಕಿಕೊಂಡರು. ತುಂಬಿದ ಬಸ್ಸಿನ ನಡುವೆ, ಎಲ್ಲರಿಗೂ ಕಾಣುವ ಹಾಗೆ.

"ಈಗ ಹೇಳಿ. ಎಲ್ಲಿಗೆ ಹೋಗ್ಬೇಕು ನೀವು?"

"ಸರಸ್ವತಿಪುರಂ," ಎಂದರು ಅವರು. ದನಿ ಇಳಿದಿತ್ತು. ಫೋನೂ ಇಳಿಯಿತು.

ಮೇಡಂ ಮಹದೇವಣ್ಣನ ಕಡೆ ಮುಖ ಮಾಡಿ, ತುಟಿ ಬಿಡಿಸಿ ಬಿಡಿಸಿ, "ಸರಸ್ವತಿಪುರಂ ಅಂತೆ ಕಂಡಕ್ಟ್ರೇ" ಎಂದರು. ಟಿಕೆಟ್ ಬಂತು. ಹಿಂದಿನ ಸೀಟಿನ ಅಜ್ಜ ಒಬ್ಬರು, "ನಂಗೂ ಒಂದು ಕೊಡ್ಸವ್ವ ಆ ಮಿಷನ್ನ, ನನ್ ಸೊಸೆ ಏನಂತಾಳೆ ಕೇಳ್ಬೇಕು" ಎಂದರು. ಬಸ್ಸು ನಕ್ಕಿತು. ಮಹದೇವಣ್ಣ ನಗಲಿಲ್ಲ. ನಾವು ಇಳಿಯುವವರೆಗೂ ಅವರು ಮೇಡಂ ಕಿವಿಯನ್ನೇ ನೋಡುತ್ತಿದ್ದರು.

ಆ ಸಾಧನ ನಮ್ಮ ಕಚೇರಿಯಲ್ಲಿ ಪರೀಕ್ಷೆಗೆಂದು ಇಟ್ಟಿದ್ದರಲ್ಲಿ ಒಂದು ಎಂದೇ ನಾನು ತಿಳಿದಿದ್ದೆ. ಇಳಿದ ಮೇಲೆ ಬಸ್ ಸ್ಟಾಪಿನ ಕಲ್ಲುಬೆಂಚಿನ ಮೇಲೆ ಕೂತು, "ಒಳ್ಳೆ ನಾಟಕ ಮೇಡಂ" ಎಂದೆ.

"ನಾಟಕ ಎಲ್ಲಿಂದ ಬಂತು? ಇದು ನಂದೇ."

ಎಡಗಿವಿ ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದಾಗಲೇ ಮಂದವಾಗತೊಡಗಿತ್ತಂತೆ. ಈಗ ಹೆಚ್ಚು ಕಡಿಮೆ ಹೋಗಿಯೇಬಿಟ್ಟಿದೆ. ಬಲಗಿವಿಯೂ ಅಷ್ಟಕ್ಕಷ್ಟೆ. ಸಾಧನ ಕೊಂಡು ವರ್ಷಗಳಾಗಿದ್ದವು, ಚೀಲದಲ್ಲಿ ಓಡಾಡುತ್ತಿತ್ತು.

"ನಮಗೆ ಯಾಕೆ ಹೇಳ್ಲಿಲ್ಲ?"

"ಕೇಳಿಸ್ಕೊಳ್ಳೋ ಕೆಲಸಕ್ಕೇ ಸೇರೋಳು, ನಂಗೆ ಕೇಳ್ಸಲ್ಲ ಅಂತ ಅರ್ಜಿ ಹಾಕ್ಲಾ? ಮಹದೇವಣ್ಣನಿಗೆ ಡಿಪೋ ಇದ್ರೆ ನಂಗೆ ನೀವುಗಳಿದ್ರಿ." ಖಾಲಿ ಡಬ್ಬಿಯನ್ನು ಚೀಲಕ್ಕೆ ಹಾಕುತ್ತ, "ಹೇಳಿದ್ರೆ ನನ್ನನ್ನೇ ಮೇಜಿನ ಮೇಲೆ ಕೂರಿಸ್ಕೊಂಡು ಟೆಸ್ಟ್ ಮಾಡ್ತಿದ್ರಿ, ಆಟೋ ಖರ್ಚು ಉಳೀತು ಅಂತ" ಎಂದರು.

ನನಗೆ ಒಂದೊಂದೇ ಹೊಳೆಯತೊಡಗಿತು. ಎಡಕ್ಕೆ ಕೂತು ನಾನು ಹೇಳಿದ್ದ ಆಕ್ಷೇಪಣೆಗಳೆಲ್ಲ ಗಾಳಿಗೆ ಹೋಗಿದ್ದವು. ಗಾಂಭೀರ್ಯ ಅಂತೆ!

"ಹಾಗಾದ್ರೆ ಮೇಡಂ, ಆ ತುಟಿ ನೋಡೋದು, ಸುಮ್ನೆ ಕಾಯೋದು, ಇನ್ನೊಂದ್ಸಲ ಹೇಳಿ ಅನ್ನೋದು..."

"ಅರ್ಧ ಟೆಕ್ನಿಕ್ಕು ಕಣ್ರೀ, ಅರ್ಧ ಕಿವಿ."

"ನಾನು ಹೊಸಬರಿಗೆಲ್ಲ ಅದನ್ನೇ ಪಾಠ ಮಾಡ್ಬುಟ್ಟಿದ್ದೀನಿ!"

"ಹಾಳ್ಮಾಡ್ಬೇಡಿ, ಈಗ ತಾನೇ ಕಲ್ತಿದ್ದಾರೆ," ಎಂದು ನಕ್ಕರು. ನಗುವಾಗ ಕಣ್ಣಲ್ಲಿ ನೀರಿತ್ತು. ಬಿಸಿಲಿಗೆ ಎಂದರು. ಚಳಿಗಾಲದ ಬೆಳಗಿನಲ್ಲಿ ಅಂಥ ಬಿಸಿಲೇನೂ ಇರಲಿಲ್ಲ.

ಕಚೇರಿಗೆ ಹೋಗಿ ಅವರು ನೇರವಾಗಿ ಮಾಲೀಕರ ಕೋಣೆಗೆ ನುಗ್ಗಿ, ಶುಕ್ರವಾರ ಇದನ್ನು ಕೊಡುವ ಹಾಗಿಲ್ಲ ಎಂದರು. ಆಸ್ಪತ್ರೆಗೆ ಮಾತು ಕೊಟ್ಟಾಗಿದೆ, ಆಮೇಲೆ ತಿದ್ದೋಣ, ಎಂದರು ಮಾಲೀಕರು. ಅವರ ಭಯವೂ ಸುಳ್ಳಲ್ಲ. ಆ ಆಸ್ಪತ್ರೆ ಕೈತಪ್ಪಿದರೆ ಕಂಪನಿ ಉಳಿಯುವುದೇ ಕಷ್ಟವಿತ್ತು. ಮೇಡಂ ವಾದ ಬೆಳೆಸಲಿಲ್ಲ. "ನಾಳೆ ಬೆಳಗ್ಗೆ ನನ್ಜೊತೆ ಒಂದು ರೌಂಡು ಬನ್ನಿ, ಆಮೇಲೆ ನೀವು ಹೇಳಿದಂಗೆ" ಎಂದರು.

ಮಾಲೀಕರು ಕಾರು ಕೊಂಡ ಮೇಲೆ ಸಿಟಿ ಬಸ್ಸು ಹತ್ತಿದವರಲ್ಲ. ಅವರ ಒಂದು ಕಿವಿಗೆ ನಮ್ಮ ಸಾಧನ ಸಿಕ್ಕಿಸಿ, ಕೈಗೆ ಚೀಲ ಕೊಟ್ಟು, ನೂಕುನುಗ್ಗಲಿನಲ್ಲಿ ನಿಲ್ಲಿಸಿ, "ಈಗ ಬಸ್ಸಿನ ಚಿತ್ರ ಒತ್ತಿ" ಎಂದರು ಮೇಡಂ. ಅವರು ಒಂದು ಕೈಯಲ್ಲಿ ಫೋನು ತೆಗೆಯುವಷ್ಟರಲ್ಲಿ ಡ್ರೈವರು ಬ್ರೇಕು ಹಾಕಿದ. ಮಾಲೀಕರು ಹೂವಿನ ಬುಟ್ಟಿ ಇಟ್ಟುಕೊಂಡು ಕೂತಿದ್ದ ಹೆಂಗಸಿನ ಮಡಿಲಲ್ಲಿ, ಬುಟ್ಟಿಯ ಸಮೇತ ಕೂತಿದ್ದರು. ಕಚೇರಿಗೆ ಬಂದಾಗ ಅವರ ಕಾಲರಿನಲ್ಲಿ ಇನ್ನೂ ಒಂದು ಸೇವಂತಿಗೆಯ ಎಸಳು ಇತ್ತು. ಆಸ್ಪತ್ರೆಗೆ ಫೋನು ಮಾಡಿ, ನಡೆದದ್ದನ್ನು ನಡೆದ ಹಾಗೆಯೇ ಹೇಳಿ, ಇನ್ನೊಂದು ಸ್ಪ್ರಿಂಟಿನಷ್ಟು ಸಮಯ ಕೇಳಿದರು. ಆಸ್ಪತ್ರೆಯವರು ತುಸು ಬಿಗುಮಾನ ಮಾಡಿ ಕೊಟ್ಟರು.

ನನ್ನ ಚಿತ್ರಗಳ ಪುಟವನ್ನು ನಾನೇ ಅಳಿಸಿದೆ. ಚಕ್ರ ಕೊನೆಯ ಸಲ ತಿರುಗುವುದನ್ನು ನೋಡುತ್ತಿದ್ದಾಗ ಮೇಡಂ ಹಿಂದೆ ಬಂದು, "ಚೆನ್ನಾಗಿತ್ತು ಚಕ್ರ" ಎಂದರು. ನನ್ನ ಕೆಲಸಕ್ಕೆ ಅವರ ಬಾಯಲ್ಲಿ ಆ ಪದ ಕೇಳಿದ್ದು ಅದೊಂದೇ ಸಲ. ಆ ಪುಟದ ಬದಲು, ಕಿವಿಯ ಮೇಲಿನ ಸಾಧನವನ್ನೇ ಬೆರಳಿನಿಂದ ತಟ್ಟಿದರೆ ಇಂಜಿನ್ನಿನ ಸದ್ದು ತಗ್ಗಿ ಮಾತು ಮೇಲೆ ಬರುವಂತೆ ಮಾಡಿದೆವು. ಫೋನು ಜೇಬಿನಲ್ಲೇ ಇರಬಹುದು. ಮುಂದಿನ ವಾರದ ಗುರುವಾರ ಕೊಂಡೊಯ್ದರೆ, ಮಫ್ಲರ್ ತಗುಲಿದ್ದಕ್ಕೂ ಅದು ತಟ್ಟಿದ್ದೆಂದು ತಿಳಿದು ದನಿ ಏರಿಳಿಸತೊಡಗಿತು. ಮತ್ತೆ ತಿದ್ದಿ, ಎರಡು ಸಲ ತಟ್ಟಬೇಕು ಎಂದು ಮಾಡಿದೆವು. ಅದರ ಮುಂದಿನ ಮಂಗಳವಾರ ಹೋದಾಗ ಮಹದೇವಣ್ಣ ಮಫ್ಲರನ್ನೇ ಬಿಟ್ಟಿದ್ದರು.

"ಯಾಕ್ರೀ, ಚಳಿ ಇಲ್ವಾ?" ಎಂದರು ಮೇಡಂ.

"ಡಿಪೋಗೆ ಓಗಿ ಹೇಳ್ಬುಟ್ಟೆ ಮೇಡಮ್ನೋರೆ. ನೀವು ಅಷ್ಟ್ ಜನದ್ ಮುಂದೆ ಹಾಕ್ಕೊಂಡ್ರಲ್ಲ, ಮನೇಗ್ ಬಂದು ಮಲಗಿದ್ರೆ ನಿದ್ದೆ ಬರ್ನಿಲ್ಲ."

ಡಿಪೋದವರು ಅವರನ್ನು ಕಿವಿ ಪರೀಕ್ಷೆಗೆ ಕಳಿಸಿ, ಕೆಲವು ತಿಂಗಳು ಪಾಸು ಕೊಡುವ ಕೌಂಟರಿನಲ್ಲಿ ಕೂರಿಸಿದರು. ಆ ದಿನಗಳಲ್ಲಿ ನಾವು ಹೋದಾಗಲೆಲ್ಲ ಅವರು ಗಾಜಿನ ಹಿಂದೆ ಮಂಕಾಗಿ ಕೂತಿರುತ್ತಿದ್ದರು. ಮೇಡಂ ಕೂಡ, ತಾವು ಎದ್ದು ನಿಂತದ್ದರಿಂದಲೇ ಇವರ ಬಸ್ಸು ಹೋಯಿತೇನೋ ಎಂದು ಕೊರಗುತ್ತಿದ್ದುದು ನನಗೆ ಗೊತ್ತಿತ್ತು. ಮಂಗಳವಾರಗಳಲ್ಲಿ ಚಕ್ಕುಲಿ ತಿನ್ನುವುದನ್ನು ಬಿಟ್ಟಿದ್ದರು. ಕೊನೆಗೆ, ಸಾಧನ ಹಾಕಿಕೊಂಡರೆ ಕೆಲಸ ಮಾಡಬಹುದೆಂದು ಡಾಕ್ಟರು ಬರೆದುಕೊಟ್ಟ ಮೇಲೆ ಮಹದೇವಣ್ಣ ಮತ್ತೆ ಬಸ್ಸು ಹತ್ತಿದರು. ಈಗ ಅವರದು ಬೇರೆಯೇ ದೂರು: "ಇದ ಕಂಡ್ರೆ ಎಲ್ರೂ ಕಿವಿ ತಾವೇ ಬಂದು ಕೂಗ್ತರೆ ಸಾರ್. ಕೇಳ್ತದೆ ಅಂದ್ರೂ ಕೇಳಲ್ಲ."

ಹೋದ ಭಾನುವಾರ ನಾನು ಮೇಡಂ ಮನೆಗೆ ಹೋಗಿದ್ದೆ. ನಮ್ಮ ಕಚೇರಿಯಿಂದ ನಾಲ್ಕು ರಸ್ತೆ ಆಚೆಯ ಮನೆ. ಇಷ್ಟು ವರ್ಷದಲ್ಲಿ ಒಮ್ಮೆಯೂ ಒಳಗೆ ಕಾಲಿಟ್ಟಿರಲಿಲ್ಲ. ಈಗ ಅವರು ಸಾಧನವನ್ನು ಬೆಳಗ್ಗೆಯಿಂದ ರಾತ್ರಿಯವರೆಗೂ ಹಾಕಿಕೊಂಡಿರುತ್ತಾರೆ. ನಡುಮನೆಯಲ್ಲಿ ಕೂತು ನಾನು ಹೊಸ ಸ್ಪ್ರಿಂಟಿನ ತಾಪತ್ರಯಗಳನ್ನು ಹೇಳಿಕೊಳ್ಳುತ್ತಿದ್ದೆ. ಒಳಗಡೆ ಅವರ ಯಜಮಾನರು ಹುರುಳಿಕಾಯಿ ಹೆಚ್ಚುತ್ತಿದ್ದರು. ನಕ್ಷೆ ಬರೆಯುವ ಕೆಲಸದಿಂದ ನಿವೃತ್ತರಾದ, ಮಾತು ಕಡಿಮೆಯ ಮನುಷ್ಯ. ನನಗೊಂದು ನಮಸ್ಕಾರ ಹಾಕಿ ಒಳಗೆ ಹೋಗಿದ್ದರು. ಸ್ವಲ್ಪ ಹೊತ್ತಿಗೆ ಅಲ್ಲಿಂದ ಸಣ್ಣಗೆ ಹಾಡು ಕೇಳಿಸಿತು. ಯಾವ ರಾಗವೆಂದು ಹೇಳುವುದು ಕಷ್ಟ. ಶುರು ಮಾಡಿದ್ದು ಒಂದು, ಹಿಡಿದ ದಾರಿ ಇನ್ನೊಂದು.

ಮೇಡಂ ದನಿ ತಗ್ಗಿಸಿದರು. "ಆ ಬಸ್ಸಿನ ದಿನ ಇದನ್ನ ಹಾಕ್ಕೊಂಡೇ ಮನೆಗೆ ಬಂದ್ಬುಟ್ಟಿದ್ದೆ ನೋಡಿ. ಸಂಜೆ ಅಡುಗೆಮನೇಲಿ ಯಾರೋ ಹಾಡ್ತಿದ್ದಾರೆ. ರೇಡಿಯೋ ಇರ್ಬೇಕು, ಸ್ಟೇಷನ್ ಸರಿಯಾಗಿ ಸಿಗ್ತಿಲ್ಲ ಅಂದ್ಕೊಂಡು ಹೋದ್ರೆ ಇವ್ರು. ಯಾವಾಗಿಂದ ಹಾಡ್ತಿದ್ದೀರಿ ಅಂತ ಕೇಳ್ದೆ. ಮದುವೆ ಆದಾಗಿಂದ ಅಂದ್ರು. ಮೊದಮೊದಲು ನೀನು ಏನಾದ್ರೂ ಅಂತಿದ್ದೆ, ನಗ್ತಿದ್ದೆ, ಬೈತಿದ್ದೆ. ಆಮೇಲಾಮೇಲೆ ಏನೂ ಅನ್ನೋದೇ ಬಿಟ್ಬುಟ್ಟೆ. ನಿಂಗೆ ಬೇಡವಾಯ್ತೇನೋ ಅಂದ್ಕೊಂಡು ಮೆಲ್ಲಗೆ ಹಾಡೋಕೆ ಶುರು ಮಾಡ್ದೆ, ಅಂದ್ರು."

ಏನಾದರೂ ಹೇಳಲೇಬೇಕಲ್ಲ ಎಂದು, ಈ ಹೊಸ ಆವೃತ್ತಿಯಲ್ಲಿ ಸಂಗೀತಕ್ಕೆಂದೇ ಒಂದು ಹದ ಇಟ್ಟಿದ್ದೇವೆ ಮೇಡಂ, ಎಂದು ಶುರು ಮಾಡಿದೆ.

ಅವರು ಕೈ ಎತ್ತಿ ತಡೆದರು. "ಸುಮ್ನಿರಿ ಸ್ವಲ್ಪ. ಚರಣ ಬರ್ತಿದೆ."

ಚರಣ ಬಂತು. ಅದು ಪಲ್ಲವಿಗಿಂತಲೂ ಕೆಟ್ಟದಾಗಿತ್ತು. ಮೇಡಂ ಕಿವಿಗೆ ಬೆರಳು ಒಯ್ದು, ದನಿಯನ್ನು ಇನ್ನೊಂದಿಷ್ಟು ಹೆಚ್ಚಿಸಿಕೊಂಡರು.